ಮೂರನೇ ಬೆಂಚಿನ ಹುಡುಗನೂ ಕೇಳುತ್ತಿರುತ್ತಾನೆ

ಕಳೆದ ಭಾನುವಾರ ನೀವು ಮೂವರು ಮುಂಬಯಿಯ ಸಯನ್‌ನ ನಮ್ಮ ಖೋಲಿಗೆ ಬಂದು ಡ್ರಾಯಿಂಗ್ ಹಾಳೆಗಳನ್ನೆಲ್ಲ ಮಂಚದ ಮೇಲೆ ಹರವಿದಿರಿ. ನವೆಂಬರ್ 14ರ ಕಾರ್ಯಕ್ರಮಕ್ಕೆ ಶಾಲೆಗೆ ಹೋಗುತ್ತೇವೆ, ಮಕ್ಕಳಿಗೆ ಮಧುಮೇಹದ ಬಗ್ಗೆ ತಿಳಿಸುತ್ತೇವೆ, "ಮಾಸ್ಟ್ರೇ, ಕನ್ನಡ ತಪ್ಪಿದ್ದರೆ ತಿದ್ದಿಕೊಡಿ" ಎಂದಿರಿ. ಕಾಗುಣಿತದ ತಪ್ಪು ಎರಡೋ ಮೂರೋ ಇತ್ತು, ಅಲ್ಲೇ ತಿದ್ದಿದೆ. ಆದರೆ ಮೊದಲ ಹಾಳೆಯಲ್ಲಿ ಜಿಲೇಬಿಯ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ತಲೆಬುರುಡೆ ಬಿಡಿಸಿ, ಕೆಳಗೆ 'ಸಿಹಿ ತಿಂದರೆ ಸಕ್ಕರೆ ಕಾಯಿಲೆ' ಎಂದು ದಪ್ಪಕ್ಷರದಲ್ಲಿ ಬರೆದಿದ್ದಿರಲ್ಲ, ಅದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ನೀವು ಚಹಾ ಕುಡಿದು ಹೊರಟುಹೋದಿರಿ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅದೇ ವಾಕ್ಯವನ್ನು ಮೂವತ್ತು ವರ್ಷದ ಹಿಂದೆ ನಾನೂ ಒಂದು ತರಗತಿಯಲ್ಲಿ ಹೇಳಿದ್ದೆ. ಆ ಕತೆ ಹೇಳದೆ ನಿಮ್ಮನ್ನು ಶಾಲೆಗೆ ಕಳಿಸಲಾರೆ. ಬಾಯಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

1994ರ ಮಾತು. ಈ ಊರಿನ ಒಂದು ಕನ್ನಡ ಶಾಲೆಯಲ್ಲಿ ಆರನೇ ಇಯತ್ತೆ ನನ್ನದು. ಅಲ್ಲೊಬ್ಬಳು ಹುಡುಗಿ. ಅಪ್ಪ ಹೋಟೆಲಿನಲ್ಲಿ ದೋಸೆ ಹುಯ್ಯುವವರು, ಅಮ್ಮ ಮನೆಯಲ್ಲಿ ಹಪ್ಪಳ ಲಟ್ಟಿಸುವವರು. ಜೂನ್‌ನಲ್ಲಿ ಶಾಲೆ ತೆರೆದಾಗ ದುಂಡು ಮುಖದಲ್ಲಿ ಬಂದಿದ್ದವಳು ಚೌತಿಯ ಹೊತ್ತಿಗೆ ಕಡ್ಡಿಯಾಗಿದ್ದಳು. ತನ್ನ ಬಾಟಲಿಯ ನೀರು ಮುಗಿಸಿ ಪಕ್ಕದವಳ ಬಾಟಲಿಯನ್ನೂ ಖಾಲಿ ಮಾಡುವಳು. ಒಂದೇ ಪಿರಿಯಡ್ಡಿನಲ್ಲಿ ಎರಡೆರಡು ಸಲ ಎದ್ದು "ಸರ್, ಹೊರಗೆ ಹೋಗಲಾ" ಎನ್ನುವಳು. ಗಣಿತ ತಪ್ಪಿಸಿಕೊಳ್ಳುವ ನೆವ ಎಂದುಕೊಂಡು ಒಂದು ದಿನ ಗದರಿಸಿ ಕೂರಿಸಿದೆ. ಅವಳು ಬೆಂಚಿನಲ್ಲೇ ಒದ್ದೆ ಮಾಡಿಕೊಂಡಳು. ಆ ವಾರವೇ ವಾಂತಿ, ಹೊಟ್ಟೆನೋವು, ಏದುಸಿರು. ಎಚ್ಚರ ತಪ್ಪಿದ ಮೇಲೆ ಆಸ್ಪತ್ರೆಗೆ ಹೊತ್ತೊಯ್ದರು. ಉಸಿರಿನಲ್ಲಿ ಬರುತ್ತಿದ್ದ ಹಣ್ಣಿನಂಥ ವಾಸನೆಯಿಂದಲೇ ಡಾಕ್ಟರು ಅನುಮಾನಪಟ್ಟರಂತೆ. ಒಂದನೇ ವಿಧದ ಮಧುಮೇಹ. ಇನ್ನೊಂದು ದಿನ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರಂತೆ.

ಮೂರು ವಾರ ಕಳೆದು ಅವಳು ಶಾಲೆಗೆ ಮರಳುವ ಹಿಂದಿನ ದಿನ ನಾನು ತರಗತಿಗೆ ಪಾಠ ಹೇಳಿದೆ. ಒಳ್ಳೆಯದಾಗಲಿ ಎಂದೇ ಹೇಳಿದ್ದು. "ಸಿಹಿ ಜಾಸ್ತಿ ತಿಂದರೆ ಈ ಕಾಯಿಲೆ ಬರುತ್ತದೆ, ನೀವು ಯಾರೂ ತಿನ್ನಬೇಡಿ." ಮರುದಿನ ಸಂಜೆಯೊಳಗೆ ಅವಳಿಗೆ 'ಜಿಲೇಬಿ' ಎಂದು ಹೆಸರು ಬಿದ್ದಿತ್ತು. ಅಂಟುತ್ತದೆಂದು ಯಾರೋ ಹೇಳಿದರಂತೆ, ಅವಳೊಡನೆ ಡಬ್ಬಾ ಹಂಚಿಕೊಳ್ಳುವುದನ್ನೂ ನಿಲ್ಲಿಸಿದರು. ನಾಲ್ಕನೇ ದಿನ ಅವಳ ತಾಯಿ ಶಾಲೆಗೆ ಬಂದರು. ಸಿಟ್ಟು ಮಾಡಲಿಲ್ಲ. "ಮಾಸ್ಟ್ರೇ, ನಮ್ಮ ಮನೆಗೆ ತಿಂಗಳಿಗೆ ಬರುವುದು ಎರಡು ಕಿಲೋ ಸಕ್ಕರೆ, ಉಣ್ಣುವವರು ಐದು ಜನ. ಇವಳು ಯಾವ ಸಿಹಿ ತಿಂದಳು, ನೀವೇ ಹೇಳಿ" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಕಲಿತಷ್ಟನ್ನು ನಿಮಗೆ ದಾಟಿಸುತ್ತೇನೆ.

ನಿಮ್ಮ ಎರಡನೇ ಹಾಳೆಯಲ್ಲಿ ಇನ್ಸುಲಿನ್ ಎಂದರೆ ಬೀಗದ ಕೈ ಎಂದು ಬರೆದಿದ್ದೀರಿ. ತಪ್ಪಿಲ್ಲ, ಆದರೆ ಮುಂಬಯಿಯ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಚಿತ್ರ ಒಂದಿದೆ. ನಮ್ಮ ಗಲ್ಲಿಗೆ ನೀರು ಬಿಡುವ ಪಾಲಿಕೆಯ ಚಾವಿವಾಲಾನನ್ನು ಅವರೆಲ್ಲ ನೋಡಿರುತ್ತಾರೆ. ಉದ್ದನೆಯ ಕಬ್ಬಿಣದ ಚಾವಿ ಹಿಡಿದು ಬಂದು, ರಸ್ತೆಯ ಮುಚ್ಚಳ ತೆಗೆದು, ವಾಲ್ವ್ ತಿರುಗಿಸಿದರೆ ಚಾಳಿನ ನಲ್ಲಿಗಳಲ್ಲಿ ನೀರು. ಅವನು ಬಾರದ ದಿನ ದೊಡ್ಡ ಪೈಪಿನಲ್ಲಿ ನೀರು ತುಂಬಿ ತುಳುಕುತ್ತಿದ್ದರೂ ಮನೆಯ ಕೊಡಗಳು ಖಾಲಿ. ರಕ್ತ ಆ ದೊಡ್ಡ ಪೈಪು, ಉಂಡ ಅನ್ನದಿಂದ ಬಂದ ಸಕ್ಕರೆ ಅದರಲ್ಲಿ ಹರಿಯುವ ನೀರು, ಮೈಯ ಕೋಟಿ ಕೋಟಿ ಜೀವಕೋಶಗಳು ಕೊಡ ಹಿಡಿದು ಕಾಯುವ ಮನೆಗಳು, ಇನ್ಸುಲಿನ್ ಚಾವಿವಾಲಾ. ಅವನು ಹೊರಡುವ ಕಚೇರಿ ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ.

ಒಂದನೇ ವಿಧದಲ್ಲಿ ಆಗುವುದು ಇಷ್ಟು. ರೋಗಾಣುಗಳನ್ನು ಓಡಿಸಬೇಕಾದ ಮೈಯ ಕಾವಲುಗಾರರೇ ದಾರಿ ತಪ್ಪಿ ಆ ಕಚೇರಿಯನ್ನು ಕೆಡವುತ್ತಾರೆ. ಚಾವಿವಾಲಾನೇ ಇಲ್ಲವಾಗುತ್ತಾನೆ. ಪೈಪಿನಲ್ಲಿ ಸಕ್ಕರೆ ಏರುತ್ತ ಹೋಗಿ ಮೂತ್ರಕ್ಕೆ ಸೋರುತ್ತದೆ, ಸೋರುವಾಗ ಮೈಯ ನೀರನ್ನೂ ಎಳೆದೊಯ್ಯುತ್ತದೆ. ಆ ಬಾಯಾರಿಕೆ, ಆ ಅವಸರ, ಉಂಡರೂ ಇಳಿಯುವ ತೂಕ, ಎಲ್ಲ ಅದರಿಂದಲೇ. ಮಧುಮೇಹ ಎಂಬ ಹಳೆಯ ಹೆಸರಿನಲ್ಲೇ ಮೂತ್ರದ ಸಿಹಿ ಇದೆ. ಇದರಲ್ಲಿ ಮಗುವಿನ ತಪ್ಪಿಲ್ಲ, ತಾಯಿಯ ತಪ್ಪಿಲ್ಲ, ಜಿಲೇಬಿಯ ತಪ್ಪೂ ಇಲ್ಲ. ಎರಡನೇ ವಿಧದಲ್ಲಿ ಚಾವಿವಾಲಾ ಬರುತ್ತಾನೆ, ತಿರುಗಿಸುತ್ತಾನೆ, ವಾಲ್ವ್ ತುಕ್ಕು ಹಿಡಿದಿದೆ. ಕಚೇರಿ ಇನ್ನಷ್ಟು ಜನರನ್ನು ಕಳಿಸುತ್ತದೆ. ವರ್ಷಗಟ್ಟಲೆ ಹೀಗೆ ದುಡಿದು ಕೊನೆಗೆ ಕಚೇರಿಯೂ ಸುಸ್ತಾಗುತ್ತದೆ. ಆ ತುಕ್ಕಿಗೆ ವಂಶ ಒಂದು ಕಾರಣ. ಹೊಟ್ಟೆಯ ಸುತ್ತ ಕೂಡುವ ಕೊಬ್ಬು, ಅಲುಗದ ಮೈ, ಕೆಟ್ಟ ನಿದ್ದೆ ಉಳಿದ ಕಾರಣಗಳು. ಈ ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಬೇಡಿ. ಎರಡು ಹಾಳೆ ಮಾಡಿ. ನಾನು 1994ರಲ್ಲಿ ಮಾಡಿದ್ದು ಆ ಕಲಸುಮೇಲೋಗರವನ್ನೇ.

ನವೆಂಬರ್ 14 ಮಕ್ಕಳ ದಿನ, ನೆಹರೂ ಹುಟ್ಟಿದ ದಿನ ಎಂಬುದು ಮಕ್ಕಳಿಗೆ ಗೊತ್ತು. ಅದೇ ದಿನ ವಿಶ್ವ ಮಧುಮೇಹ ದಿನ ಏಕೆ ಎಂಬುದನ್ನು ನೀವು ಹೇಳಿ. 1891ರ ನವೆಂಬರ್ 14ರಂದು ಕೆನಡಾದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದರು. 1921ರ ಬೇಸಿಗೆಯಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅವರೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯೂ ನಾಯಿಗಳ ಮೇದೋಜೀರಕದಿಂದ ಈ ರಸವನ್ನು ತೆಗೆದರು. ಅದನ್ನು ಮೊದಲು ಚುಚ್ಚಿಸಿಕೊಂಡ ರೋಗಿ ಯಾರು ಗೊತ್ತೆ? ಲಿಯೊನಾರ್ಡ್ ಥಾಂಪ್ಸನ್, 14 ವರ್ಷದ ಹುಡುಗ. ಎಂಟನೇ ಒಂಬತ್ತನೇ ಇಯತ್ತೆಯ ಮಕ್ಕಳ ವಯಸ್ಸಿನವನು. ಇನ್ಸುಲಿನ್ ಇಲ್ಲದ ಕಾಲದಲ್ಲಿ ಈ ಮಕ್ಕಳನ್ನು ಉಪವಾಸ ಕೆಡವಿ ಒಂದಿಷ್ಟು ದಿನ ಹೆಚ್ಚು ಬದುಕಿಸುತ್ತಿದ್ದರು, ಅವನೂ ಎಲುಬಿನ ಗೂಡಾಗಿದ್ದ. 1922ರ ಜನವರಿ 11ರಂದು ಕೊಟ್ಟ ಮೊದಲ ಚುಚ್ಚುಮದ್ದು ಶುದ್ಧವಾಗಿರಲಿಲ್ಲ, ಅಷ್ಟಾಗಿ ಫಲ ಕೊಡಲಿಲ್ಲ. ಅವರ ಜೊತೆಗಾರ ಜೇಮ್ಸ್ ಕಾಲಿಪ್ ಹಗಲಿರುಳು ಕೂತು ಅದನ್ನು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಆ ಹುಡುಗ ಇನ್ನೂ ಹದಿಮೂರು ವರ್ಷ ಬದುಕಿದ. ಕಂಡುಹಿಡಿದವರು ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ಈ ಕತೆಯನ್ನು ಅವಸರಪಡದೆ ಹೇಳಿ. ತಲೆಬುರುಡೆಗಿಂತ ಇದು ಹೆಚ್ಚು ದಿನ ಮನಸ್ಸಿನಲ್ಲಿ ಕೂರುತ್ತದೆ.

ನನ್ನ ಆ ಹುಡುಗಿಗೆ ಈ ಕತೆ ಬಹಳ ಹಿಡಿಸಿತ್ತು. ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ನೀರು ತುಂಬಿದ ಮಡಕೆಯೊಳಗೆ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯೊಳಗೆ ಇನ್ಸುಲಿನ್ ಸೀಸೆ. ಮೇ ತಿಂಗಳ ಬಿಸಿಲಿಗೂ ಅದು ಕೆಡದಂತೆ ತಾಯಿ ಕಾಯ್ದರು. ಮುಂದಿನ ವರ್ಷ ಅವಳಾಗಿಯೇ ಬಂದು, "ಸರ್, ನಾನೇ ಕ್ಲಾಸಿಗೆ ಹೇಳಲಾ?" ಎಂದಳು. ಸಿರಿಂಜು ತಂದು, ಎಷ್ಟು ಎಳೆಯಬೇಕು, ಗಾಳಿಗುಳ್ಳೆ ಹೇಗೆ ತೆಗೆಯಬೇಕು, ಎಲ್ಲಿ ಚುಚ್ಚಬೇಕು ಎಂದು ತೋರಿಸಿದಳು. ನೋಯುತ್ತದಾ ಎಂದು ಕೇಳಿದವನಿಗೆ "ಸೊಳ್ಳೆಗಿಂತ ಜಾಸ್ತಿ, ಚೇಳಿಗಿಂತ ಕಮ್ಮಿ" ಎಂದಳು. ತರಗತಿ ನಕ್ಕಿತು. ಜಿಲೇಬಿ ಎಂಬ ಹೆಸರು ಅವತ್ತಿಗೆ ಹೋಯಿತು. ಮೂವತ್ತೈದು ವರ್ಷದ ನನ್ನ ಮಾಸ್ತರಿಕೆಯಲ್ಲಿ ಅದಕ್ಕಿಂತ ಒಳ್ಳೆಯ ಆರೋಗ್ಯದ ಪಾಠವನ್ನು ನಾನು ಕೇಳಿಲ್ಲ.

ಹಾಗಾಗಿ ನೀವು ಬಾಯಿ ತೆರೆಯುವ ಮೊದಲು, ಮೂರನೇ ಬೆಂಚಿನಲ್ಲಿ ಅಂಥ ಒಂದು ಮಗು ಕೂತಿದೆ ಎಂದೇ ಭಾವಿಸಿ. ಆ ಮಗು ತಲೆ ತಗ್ಗಿಸದೆ ಕೇಳಬಹುದಾದ ವಾಕ್ಯವಾದರೆ ಹೇಳಿ, ಇಲ್ಲವಾದರೆ ಬಿಡಿ. ಅಪ್ಪನ ಕಾಲು ಕತ್ತರಿಸಿದ್ದನ್ನು ಕಂಡ ಮಗು, ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಮಗು ಕೂಡ ಅದೇ ತರಗತಿಯಲ್ಲಿರುತ್ತದೆ. ಈ ಊರಿನಲ್ಲಿ ಅಂಥ ಮನೆಗಳು ಕಡಿಮೆಯೇನಲ್ಲ. 2021ರಲ್ಲಿ ಪಾಲಿಕೆ ನಡೆಸಿದ ಸಮೀಕ್ಷೆಯಲ್ಲಿ ಮುಂಬಯಿಯ ವಯಸ್ಕರಲ್ಲಿ ಸುಮಾರು ಶೇಕಡಾ 18 ಜನರ ಖಾಲಿ ಹೊಟ್ಟೆಯ ಸಕ್ಕರೆ ಮಧುಮೇಹದ ಮಟ್ಟದಲ್ಲಿತ್ತು. ದೇಶದ ಲೆಕ್ಕವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಕೊಟ್ಟಿತು: ಮಧುಮೇಹಿಗಳು 10.1 ಕೋಟಿ, ಹೊಸ್ತಿಲಲ್ಲಿ ನಿಂತವರು 13.6 ಕೋಟಿ.

ನಮ್ಮ ಜನರ ವಿಷಯ ನಾನು ಕಣ್ಣಾರೆ ಕಂಡದ್ದು. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹನ್ನೆರಡು ಹದಿಮೂರರ ವಯಸ್ಸಿಗೆ ಬಂದು, ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಇಲ್ಲಿನ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರಿಗೆ ನಾನು ಕೆಲವು ವರ್ಷ ಪಾಠ ಹೇಳಿದ್ದೇನೆ. ಊರಿನ ಗದ್ದೆಯಲ್ಲಿ ದುಡಿದ ಮೈ, ಕುಚ್ಚಲಕ್ಕಿ ಗಂಜಿ ಉಂಡ ಹೊಟ್ಟೆ. ಓದಿ, ದುಡಿದು, ಕೆಲವರು ತಮ್ಮದೇ ಹೋಟೆಲು ಮಾಡಿದರು. ಆಮೇಲೆ ದಿನಕ್ಕೆ ಹದಿನಾಲ್ಕು ಗಂಟೆ ಗಲ್ಲೆಯ ಹಿಂದಿನ ಕುರ್ಚಿ, ಬಂದವರಿಗೆಲ್ಲ ಜೊತೆ ಕೊಡುವ ಸಕ್ಕರೆ ಹಾಕಿದ ಚಹಾ, ರಾತ್ರಿ ಹನ್ನೊಂದೂವರೆಗೆ ಊಟ. ನಲವತ್ತು ದಾಟುವ ಮೊದಲೇ ಎಷ್ಟೋ ಜನ ಜೇಬಿನಲ್ಲಿ ಮಾತ್ರೆ ಇಟ್ಟುಕೊಂಡು ತಿರುಗಿದರು. ಅವರೇನೂ ಮಿಠಾಯಿ ಅಂಗಡಿ ಖಾಲಿ ಮಾಡಿದವರಲ್ಲ. ನಡೆಯುವುದು ನಿಂತಿತು, ನಿದ್ದೆ ಕೆಟ್ಟಿತು, ಅಷ್ಟೇ. ಅವರ ಮೊಮ್ಮಕ್ಕಳಿಗೆ ನೀವು ಈಗ ಪಾಠ ಹೇಳಲು ಹೊರಟಿರುವುದು.

ದಪ್ಪ ಮಗುವಿನ ಕಡೆಗೆ ಬೆರಳು ತೋರಿಸಬೇಡಿ. ತರಗತಿಯ ಮುಂದೆ ತೂಕದ ಯಂತ್ರ ಇಡಲೇಬೇಡಿ. ನಿಮ್ಮ ನಾಲ್ಕನೇ ಹಾಳೆಯ ದಪ್ಪ ಹುಡುಗನ ಚಿತ್ರವನ್ನು ತೆಗೆದುಬಿಡಿ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ವರ್ಷಗಟ್ಟಲೆ ನಮ್ಮ ಹಳ್ಳಿಗಳ ಕೂಸುಗಳನ್ನು ಅಳೆದು ತೋರಿಸಿದ್ದು ಇದನ್ನೇ: ಹೊರಗೆ ಸಣಕಲಾಗಿ ಕಾಣುವ ಭಾರತೀಯ ಮೈಯೊಳಗೆ ಕೊಬ್ಬಿನ ಪಾಲು ಹೆಚ್ಚಿರಬಹುದು. ಸಪೂರ ಹುಡುಗ ಪಾರಾದ, ದಪ್ಪ ಹುಡುಗ ಸಿಕ್ಕಿಬಿದ್ದ ಎಂದು ಮಕ್ಕಳು ತಿಳಿದರೆ ಇಬ್ಬರಿಗೂ ಅನ್ಯಾಯ.

ಸಕ್ಕರೆಯ ಮಾತನ್ನೇ ಆಡಬೇಡಿ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಮಾಡಿಸಿ. ಶಾಲೆಯ ಗೇಟಿನ ಎದುರು ಬಿದ್ದಿರುವ ಖಾಲಿ ಪೊಟ್ಟಣ, ಬಾಟಲಿಗಳನ್ನು ಹಿಂದಿನ ದಿನವೇ ಆರಿಸಿ ತೊಳೆದಿಡಿ. ಗುಂಪಿಗೊಂದೊಂದು ಕೊಡಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಸಣ್ಣ ಇಂಗ್ಲಿಷ್ ಅಕ್ಷರ ಓದಲು ಕಷ್ಟ, 'ಟೋಟಲ್ ಶುಗರ್ಸ್', 'ಆ್ಯಡೆಡ್ ಶುಗರ್ಸ್' ಎಂಬ ಎರಡು ಸಾಲುಗಳನ್ನು ಗುರುತಿಸಲು ಮೊದಲು ಕಲಿಸಿ. ಗ್ರಾಮನ್ನು ನಾಲ್ಕರಿಂದ ಭಾಗಿಸಿದರೆ ಚಮಚ. ತಂಪು ಪಾನೀಯದ 100 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 10ರಿಂದ 11 ಗ್ರಾಂ ಸಕ್ಕರೆ, 250ರ ಬಾಟಲಿ ಎಂದರೆ ಆರು ಚಮಚದ ಮೇಲೆ. ಆರು ಚಮಚ ಸಕ್ಕರೆಯನ್ನು ಒಂದು ಗಾಜಿನ ಲೋಟಕ್ಕೆ ಹಾಕಿ ಮೇಜಿನ ಮೇಲಿಡಿ, ಬೇರೆ ಮಾತೇ ಬೇಡ. ಬೆರೆಸಿದ ಸಕ್ಕರೆ ದಿನದ ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಹತ್ತು ವರ್ಷದ ಮಗುವಿಗೆ ಆ 5 ಎಂದರೆ ಸುಮಾರು ಐದು ಚಮಚ. ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆಲ್ಲ ಸಕ್ಕರೆಯ ಲೆಕ್ಕ ತಿಳಿಸುವ ಫಲಕ ಹಾಕಲು ಸೂಚಿಸಿತು. ನಾಲ್ಕರಿಂದ ಹತ್ತು ವರ್ಷದ ಮಕ್ಕಳ ದಿನದ ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇಕಡಾ 13, ಅದರ ಮೇಲಿನವರಲ್ಲಿ 15 ಇದೆ ಎಂದು ಅದು ಕಾರಣ ಕೊಟ್ಟಿತ್ತು. ನಮ್ಮ ಕನ್ನಡ ಶಾಲೆಗಳು ಆ ಬೋರ್ಡಿನವಲ್ಲ, ಆದರೂ ಒಂದು ಫಲಕ ಬರೆಯಲು ಯಾರ ಅಪ್ಪಣೆ ಬೇಕು? ಮಕ್ಕಳ ಕೈಯಲ್ಲೇ ಬರೆಸಿ. ಇನ್ನೊಂದು: 2020ರ ಆಹಾರ ಸುರಕ್ಷತಾ ನಿಯಮದಂತೆ ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರುವಂತಿಲ್ಲ. ಆರನೇ ಇಯತ್ತೆಯ ಮಕ್ಕಳಿಂದ ಟೇಪು ಹಿಡಿಸಿ 50 ಮೀಟರ್ ಅಳೆಸಿ. ಗಣಿತವೂ ಆಯಿತು, ಕಾಯಿದೆಯೂ ತಿಳಿಯಿತು. ಗಾಡಿಯವನೊಡನೆ ಜಗಳಕ್ಕೆ ಮಾತ್ರ ಅವರನ್ನು ಕಳಿಸಬೇಡಿ, ಅವನಿಗೂ ಮಕ್ಕಳಿದ್ದಾರೆ, ಆ ಮಾತು ದೊಡ್ಡವರು ಆಡಬೇಕಾದದ್ದು.

ನಿಮ್ಮ ಹಾಳೆಯಲ್ಲಿ ಸೇಬು, ಬಾದಾಮಿ, ಓಟ್ಸ್ ಚಿತ್ರಗಳಿವೆ. ಬೆಳಿಗ್ಗೆ ಐದೂಕಾಲರ ಲೋಕಲ್ ಹಿಡಿಯುವ ತಾಯಿ ಮಗುವಿನ ಕೈಯಲ್ಲಿ ಹತ್ತು ರೂಪಾಯಿ ಇಟ್ಟು ಹೋಗಿರುತ್ತಾಳೆ. ಆ ಹತ್ತು ರೂಪಾಯಿಯ ಒಳಗೆ ಮಾತಾಡಿ. ಎರಡು ಬಾಳೆಹಣ್ಣು ಬರುತ್ತದೆ, ಪೊಟ್ಟಣ ಹುರಿಗಡಲೆಯೋ ಬೇಯಿಸಿದ ಶೇಂಗಾವೋ ಬರುತ್ತದೆ. ವಡಾಪಾವ್ ವಿಷ ಎನ್ನಬೇಡಿ, ಈ ಊರನ್ನು ಸಾಕಿದ ಅನ್ನ ಅದು. ಅದು ದಿನದ ಮೂರನೇ ಮೈದಾ ಆಗದಿರಲಿ ಎನ್ನಿ, ಸಾಕು. ರಾತ್ರಿ ಅನ್ನದ ಗುಡ್ಡೆ ಸ್ವಲ್ಪ ತಗ್ಗಲಿ, ಹೆಸರುಕಾಳು, ಬಸಳೆ, ಮೀನು ಸ್ವಲ್ಪ ಏರಲಿ. ಬೆಲ್ಲದ ವಿಷಯದಲ್ಲಿ ನಮ್ಮವರು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ, ಬೆಲ್ಲವೂ ಬಹುಪಾಲು ಸಕ್ಕರೆಯೇ ಎಂದು ಸ್ಪಷ್ಟವಾಗಿ ಹೇಳಿ. ಹಾಲಿಗೆ ಬೆರೆಸುವ ಪುಡಿಯ ಡಬ್ಬಿಯ ಹಿಂಬದಿಯನ್ನೂ ಓದಿಸಿ.

ಆಟದ ಮಾತು ಆಡುವಾಗ ನಾಚಿಕೆಯಾಗುತ್ತದೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ 60 ನಿಮಿಷ ಮೈಮುರಿಯುವ ಚಟುವಟಿಕೆ ಬೇಕು ಎನ್ನುತ್ತೇವೆ. ಹತ್ತಡಿ ಹನ್ನೆರಡಡಿ ಖೋಲಿಯಲ್ಲಿ ಆರು ಜನ, ಕೆಳಗೆ ಸಾಲು ಸಾಲು ಬೈಕು. ಶಿವಾಜಿ ಪಾರ್ಕ್, ಮಾಟುಂಗದ ಫೈವ್ ಗಾರ್ಡನ್ಸ್ ಎಲ್ಲರ ಮನೆಯ ಹತ್ತಿರ ಇಲ್ಲವಲ್ಲ. ಇದು ಮಕ್ಕಳ ಸೋಮಾರಿತನವಲ್ಲ, ನಾವು ಕಟ್ಟಿದ ಊರಿನ ತಪ್ಪು. ಹಗ್ಗದಾಟಕ್ಕೆ ಆರಡಿ ಜಾಗ ಸಾಕು, ಚಾಳಿನ ಪಡಸಾಲೆಯಲ್ಲಿ ಆಡಬಹುದು, ಪ್ರತಿ ಗುಂಪಿಗೊಂದು ಹಗ್ಗ ಕೊಂಡುಹೋಗಿ. ಮುಖ್ಯೋಪಾಧ್ಯಾಯರನ್ನು ಕಂಡು ಒಂದೇ ಒಂದು ಬೇಡಿಕೆ ಇಡಿ: ಪರೀಕ್ಷೆ ಹತ್ತಿರ ಬಂತೆಂದು ಪಿಟಿ ಪಿರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ ಅಂತ. ಗಣಿತದ ಮಾಸ್ತರನಾಗಿ ಆ ಪಿರಿಯಡ್ಡನ್ನು ನಾನು ಎಷ್ಟೋ ಸಲ ಕಿತ್ತುಕೊಂಡಿದ್ದೇನೆ, ಅದು ತಪ್ಪು.

ಕೊನೆಯ ಅರ್ಧ ಗಂಟೆಯನ್ನು ಶಿಕ್ಷಕರಿಗೆ ಮೀಸಲಿಡಿ. ಮಕ್ಕಳ ಪಾಠಕ್ಕಿಂತ ಇದು ಮುಖ್ಯ ಎಂದು ನನಗನ್ನಿಸುತ್ತದೆ. ವಿಪರೀತ ನೀರಡಿಕೆ, ಪದೇ ಪದೇ ಮೂತ್ರ, ಇಳಿಯುವ ತೂಕ, ಸುಸ್ತು, ಈ ನಾಲ್ಕು ಕಂಡರೆ ಗದರಿಸದೆ ಅದೇ ದಿನ ಮನೆಯವರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಲಿ. ಇನ್ಸುಲಿನ್ ತೆಗೆದುಕೊಳ್ಳುವ ಮಗು ಇದ್ದಕ್ಕಿದ್ದಂತೆ ಬೆವರಿದರೆ, ನಡುಗಿದರೆ, ತಡಬಡಿಸಿದರೆ, ಕಾರಣವಿಲ್ಲದೆ ಸಿಟ್ಟಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ಆಗ ಸಕ್ಕರೆಯೇ ಮದ್ದು. ಮೂರು ನಾಲ್ಕು ಚಮಚ ಗ್ಲೂಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ, ಆಸ್ಪತ್ರೆಗೆ ಓಡಬೇಕು. ಅಂಥ ಮಗುವನ್ನು ಒಂಟಿಯಾಗಿ ಆಫೀಸು ಕೋಣೆಗೆ ಕಳಿಸಬಾರದು. ಪರೀಕ್ಷೆಯ ನಡುವೆಯೂ ತಿನ್ನಲು ಬಿಡಬೇಕು. ಸಿಬಿಎಸ್‌ಇ 2017ರಿಂದಲೇ ಈ ಮಕ್ಕಳಿಗೆ ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಬಿಟ್ಟಿದೆ. ಪ್ರತಿ ತರಗತಿಯ ಕಪಾಟಿನಲ್ಲಿ ಒಂದು ಗ್ಲೂಕೋಸ್ ಪೊಟ್ಟಣ ಇರಲಿ. ನಿಮ್ಮ ಚಂದಾ ಹಣದಲ್ಲಿ ಬ್ಯಾನರಿನ ಬದಲು ಅದನ್ನು ಕೊಳ್ಳಿ.

ನೀವು ಹೋಗುವ ಶಾಲೆಯ ಐದನೇ ಇಯತ್ತೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹುಡುಗನೊಬ್ಬ ಇದ್ದಾನೆಂದು ಹೊರಡುವಾಗ ಹೇಳಿದಿರಿ. ಅವನನ್ನು ವೇದಿಕೆಗೆ ಕರೆಯೋಣವೇ ಎಂದೂ ಕೇಳಿದಿರಿ. ಮೊದಲು ಅವನ ಮನೆಗೆ ಹೋಗಿ. ತನ್ನ ವಿಷಯ ಬೇರೆಯವರಿಗೆ ತಿಳಿಯುವುದು ಅವನಿಗೆ ಬೇಕೋ ಬೇಡವೋ, ಅವನನ್ನೇ ಕೇಳಿ. ಬೇಡ ಎಂದರೆ ಅವನ ಹೆಸರನ್ನಾಗಲಿ, ಅವನ ಕಡೆಗೊಂದು ನೋಟವನ್ನಾಗಲಿ ಆ ದಿನ ಹಾಯಿಸಬೇಡಿ. ಬೇಕು ಎಂದರೆ ಸಿರಿಂಜೋ ಪೆನ್ನೋ ಅವನು ಏನು ಬಳಸುತ್ತಾನೋ ಅದನ್ನು ಅವನೇ ತರಲಿ, ಎಷ್ಟು ಹೊತ್ತು ಮಾತಾಡಬೇಕೆಂದು ಅವನೇ ಹೇಳಲಿ. ಅವನ ತಾಯಿ ಕೆಲಸದಿಂದ ಬರುವಾಗ ಸಂಜೆ ಏಳು ದಾಟುತ್ತದಂತೆ. ಅವರು ಕೈಕಾಲು ತೊಳೆದು ಕೂರುವಷ್ಟು ಬಿಡುವು ಕೊಟ್ಟು, ಎಂಟರ ಮೇಲೆ ಹೋಗಿ. ಆ ಮೊದಲ ಹಾಳೆಯನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ, ಅದು ನನ್ನ ಬಳಿಯೇ ಇರಲಿ.